ಕೊರಟಗೆರೆಯ ಹೆಬ್ಬೆರಳು, ಪುಟ್ಟಸ್ವಾಮಿಯವರ ಅರ್ಜಿ

ಬೆಳಗಿನ ಒಂಬತ್ತು ಗಂಟೆ. ಕೊರಟಗೆರೆ ತಾಲ್ಲೂಕಿನ ಒಂದು ಹಳ್ಳಿ. ನೀವು ಸೊಸೈಟಿ ಮುಂದೆ ನಿಂತಿದ್ದೀರಿ. ದೂರದಲ್ಲಿ ಸಿದ್ಧರಬೆಟ್ಟದ ಬಂಡೆಗೆ ಬಿಸಿಲು ಬಿದ್ದಿದೆ. ಖಾಲಿ ಚೀಲಗಳನ್ನೇ ಸಾಲಿನಲ್ಲಿಟ್ಟು ಜನ ಹುಣಸೇಮರದ ನೆರಳಿಗೆ ಸರಿದಿದ್ದಾರೆ. ಒಳಗಿನಿಂದ ಕೂಗು: “ಥಂಬ್ ಕೊಡಿ.”

ನಿಮ್ಮ ಮುಂದಿರುವ ಅಜ್ಜಿ ಸೆರಗಿನಲ್ಲಿ ಹೆಬ್ಬೆರಳು ಒರೆಸಿ ಯಂತ್ರದ ಗಾಜಿಗೆ ಒತ್ತುತ್ತಾಳೆ. ಅಡಿಕೆ ಸುಲಿದು ಸುಲಿದು ಕಪ್ಪಾದ ಬೆರಳು, ಗೆರೆಗಳು ಸವೆದಿವೆ. ಯಂತ್ರ ಒಪ್ಪುವುದಿಲ್ಲ. ಬೆರಳನ್ನು ಬಾಯಿಂದ ಊದಿ ಇನ್ನೊಮ್ಮೆ ಒತ್ತುತ್ತಾಳೆ. ಆಗಲೂ ಇಲ್ಲ. ಎಡಗೈ ಇಡುತ್ತಾಳೆ. ಕೊನೆಗೆ ಚೀಟಿ ಕುಟುಕುಟು ಹೊರಬರುತ್ತದೆ. ಅಕ್ಕಿ ಅಳೆಯುವ ಸದ್ದಾದಾಗಲೇ ಅವಳ ಮುಖ ಸಡಿಲವಾಗುವುದು.

ಅವಳ ಬೆರಳಿನ ಗುರುತು ಆ ಕ್ಷಣದಲ್ಲಿ ಎಲ್ಲಿಗೆ ಹೋಗಿ ಬಂತು? ನೋಡಿದವರು ಯಾರು? ನೋಡುವವರ ಮೇಲೆ ಕಣ್ಣಿಟ್ಟವರು ಯಾರು? ಹುಣಸೇಮರದ ಕೆಳಗೆ ಈ ಮಾತು ಏಳುವುದಿಲ್ಲ, ಅಲ್ಲಿ ಅಕ್ಕಿಯ ಚಿಂತೆಯೇ ಸಾಕಷ್ಟಿದೆ. ಈ ಪ್ರಶ್ನೆಯನ್ನು ಎತ್ತಿಕೊಂಡು 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರು ಬೆಂಗಳೂರಿನಲ್ಲಿದ್ದ 86 ವರ್ಷದ ಒಬ್ಬ ನಿವೃತ್ತ ನ್ಯಾಯಮೂರ್ತಿ. ಹೆಸರು ಕೆ.ಎಸ್. ಪುಟ್ಟಸ್ವಾಮಿ.

1926ರಲ್ಲಿ ಕೋಲಾರದ ಸೀಮೆಯಲ್ಲಿ ಹುಟ್ಟಿದವರು. 1952ರಲ್ಲಿ ಕಪ್ಪು ಕೋಟು ತೊಟ್ಟರು, 1977ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಪೀಠ ಏರಿದರು, 1986ರಲ್ಲಿ ನಿವೃತ್ತರಾದರು. ಆಮೇಲೆ ಬೆಂಗಳೂರಿನ ಕೇಂದ್ರ ಆಡಳಿತಾತ್ಮಕ ನ್ಯಾಯಮಂಡಳಿಯ ಉಪಾಧ್ಯಕ್ಷತೆ. ಅಲ್ಲಿಗೆ ನಿಲ್ಲಿಸಿದ್ದರೂ ತುಂಬಿದ ಬಾಳೇ. ಆದರೆ 2009ರಲ್ಲಿ ಶುರುವಾದ ಆಧಾರ್‌ಗೆ ಬೆನ್ನಿಗೊಂದು ಕಾಯ್ದೆಯೇ ಇರಲಿಲ್ಲ. ಸಂಸತ್ತಿನ ಸ್ಥಾಯಿ ಸಮಿತಿ 2011ರಲ್ಲಿ ಅದರ ಮಸೂದೆಯನ್ನು ತಳ್ಳಿಹಾಕಿತ್ತು. ಆದರೂ ಊರೂರಲ್ಲಿ ಬೆರಳು, ಕಣ್ಣು ದಾಖಲಾಗುತ್ತಲೇ ಇದ್ದವು. ಸರ್ಕಾರ ಮೈಯ ಗುರುತನ್ನೇ ಕೇಳುವಾಗ ಕಾನೂನು ಎಲ್ಲಿದೆ ಎಂದು ಕೇಳುವುದು ನ್ಯಾಯಾಧೀಶನಾಗಿ ದುಡಿದವನಿಗೆ ಸಹಜ. ಅರ್ಜಿ ದಾಖಲಾಯಿತು. ಸಂಖ್ಯೆ 494.

ಈಗ ಹಳೆಯ ಕಾಲದ ಒಂದು ಮನೆಯೊಳಗೆ ಬನ್ನಿ. ಉತ್ತರ ಪ್ರದೇಶ, ನಡುರಾತ್ರಿ. ಖಡಕ್ ಸಿಂಗ್ ಎಂಬವನ ಬಾಗಿಲು ದಡದಡ ಬಡಿಯುತ್ತಿದೆ. ಹೊರಗೆ ಕಾನ್‌ಸ್ಟೇಬಲ್ಲು, ಜೊತೆಗೆ ಊರಿನ ಚೌಕೀದಾರ. 1941ರ ದರೋಡೆ ಪ್ರಕರಣದಲ್ಲಿ ಸಾಕ್ಷ್ಯವಿಲ್ಲವೆಂದು ಬಿಡುಗಡೆಯಾದವನು ಅವನು. ಆದರೂ ಪೊಲೀಸರು ಅವನ ಹೆಸರಿಗೊಂದು ಹಿಸ್ಟರಿ ಶೀಟ್ ತೆರೆದಿದ್ದಾರೆ. ಮನೆಯಲ್ಲಿದ್ದಾನೋ ಇಲ್ಲವೋ ನೋಡಬೇಕು, ಅಷ್ಟೇ. ಹೆಂಗಸರು ಮಕ್ಕಳು ಎಚ್ಚೆತ್ತು ಕೂತಿರುವುದು ಆ ನೋಡುವಿಕೆಯ ಲೆಕ್ಕಕ್ಕೆ ಬರುವುದಿಲ್ಲ. 1962ರಲ್ಲಿ ಸುಪ್ರೀಂ ಕೋರ್ಟಿನ ಆರು ನ್ಯಾಯಮೂರ್ತಿಗಳು ರಾತ್ರಿ ಬಾಗಿಲು ಬಡಿಯುವುದನ್ನು ತಪ್ಪೆಂದರು. ಅವನ ಓಡಾಟದ ಮೇಲೆ ಕಣ್ಣಿಡಬಹುದು, ಖಾಸಗಿತನವೆಂಬ ಹಕ್ಕು ಸಂವಿಧಾನದಲ್ಲಿಲ್ಲ ಎಂದೂ ಅವರಲ್ಲಿ ಬಹುಮತದವರು ಹೇಳಿದರು. ನ್ಯಾಯಮೂರ್ತಿ ಸುಬ್ಬರಾವ್ ಒಪ್ಪದೆ ಬೇರೆ ಬರೆದರು. ಅದಕ್ಕೂ ಮುಂಚೆ, 1954ರ ಎಂ.ಪಿ. ಶರ್ಮಾ ಪ್ರಕರಣದಲ್ಲಿ ಎಂಟು ಮಂದಿಯ ಪೀಠವೂ ಅಂಥದೇ ಮಾತು ಆಡಿತ್ತು. ಪುಟ್ಟಸ್ವಾಮಿಯವರ ಅರ್ಜಿಗೆ ಎದುರಾಗಿ ಸರ್ಕಾರ ಹಿಡಿದುಕೊಂಡದ್ದು ಈ ಎರಡು ಹಳೆಯ ತೀರ್ಪುಗಳನ್ನೇ. ಎಂಟು ಮಂದಿಯ ಮಾತನ್ನು ಅಳಿಸಲು ಒಂಬತ್ತು ಮಂದಿ ಕೂರಲೇಬೇಕಾಯಿತು.

2017ರ ಜುಲೈ. ದೆಹಲಿ, ಒಂದನೇ ನಂಬರಿನ ಕೋರ್ಟು. ಎತ್ತರದ ಪೀಠದಲ್ಲಿ ಒಂಬತ್ತು ಕುರ್ಚಿ. ಒಂದರಲ್ಲಿ ಮೂಡುಬಿದಿರೆ ಬಳಿಯ ಬೆಳುವಾಯಿಯ ಅಬ್ದುಲ್ ನಜೀರ್. ಸರ್ಕಾರದ ಪರ ಎದ್ದು ನಿಂತವರು ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್. ಕಾಸರಗೋಡು ಸೀಮೆಯ ಕಾಞಂಗಾಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬೆಳೆದವರು. ಅವರ ತಂದೆ ಎಂ.ಕೆ. ನಂಬಿಯಾರ್ 1950ರಲ್ಲಿ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಪರವಾಗಿ ಪ್ರಜೆಯ ಸ್ವಾತಂತ್ರ್ಯಕ್ಕೆ ವಾದಿಸಿದ್ದ ವಕೀಲರು. ಮಗನ ವಾದ ಬೇರೆ: ಬಡವರ ಅನ್ನದ ಹಕ್ಕಿನ ಮುಂದೆ ಖಾಸಗಿತನ ಹಿಂದೆ ಸರಿಯಬೇಕು. ಕೊರಟಗೆರೆಯ ಸಾಲಿನಲ್ಲಿ ನಿಂತ ಅಜ್ಜಿ ಕೇಳಿದ್ದರೆ ತಲೆದೂಗುತ್ತಿದ್ದಳೇನೋ. ನನಗಂತೂ ಆ ವಾದ ಒಪ್ಪಿಗೆಯಿಲ್ಲ. ಅನ್ನ ಕೊಡುವ ಕೈ ಮಾನವನ್ನು ಒತ್ತೆ ಕೇಳಬಾರದು.

ಆಗಸ್ಟ್ 24, ಬೆಳಿಗ್ಗೆ ಹತ್ತೂವರೆ. ಮುಖ್ಯ ನ್ಯಾಯಮೂರ್ತಿ ಜೆ.ಎಸ್. ಖೇಹರ್ ಓದುತ್ತಾರೆ. ಅವರ ನಿವೃತ್ತಿಗೆ ಉಳಿದಿರುವುದು ಮೂರೇ ದಿನ. ಒಂಬತ್ತೂ ಮಂದಿಯದು ಒಂದೇ ಮಾತು: ಖಾಸಗಿತನ ಮೂಲಭೂತ ಹಕ್ಕು. ಶರ್ಮಾ ತೀರ್ಪಿನ, ಖಡಕ್ ಸಿಂಗ್ ತೀರ್ಪಿನ ಆ ಮಾತುಗಳು ರದ್ದು. 547 ಪುಟ. ತುರ್ತುಪರಿಸ್ಥಿತಿಯಲ್ಲಿ ಜೀವದ ಹಕ್ಕನ್ನೂ ಕೇಳುವಂತಿಲ್ಲ ಎಂದು 1976ರಲ್ಲಿ ತಂದೆ ವೈ.ವಿ. ಚಂದ್ರಚೂಡ್ ಸಹಿ ಹಾಕಿದ್ದ ತೀರ್ಪನ್ನೂ ಮಗ ಡಿ.ವೈ. ಚಂದ್ರಚೂಡ್ ಅದೇ ದಿನ ಅಳಿಸಿದರು. ದೇಶದ ಯಾವ ಕೋರ್ಟಿನಲ್ಲಿ ಖಾಸಗಿತನದ ಮಾತು ಬಂದರೂ ಈಗ ವಕೀಲರು ಮೊದಲು ಎತ್ತುವ ಹೆಸರು ಪುಟ್ಟಸ್ವಾಮಿ.

ಆದರೆ 2018ರ ಸೆಪ್ಟೆಂಬರ್ 26ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಆಧಾರ್ ಉಳಿಯಿತು. ಮೊಬೈಲ್ ಸಿಮ್‌ಗೆ, ಬ್ಯಾಂಕ್ ಖಾತೆಗೆ ಅದು ಕಡ್ಡಾಯವೆಂಬುದು ಬಿತ್ತು, ಪಡಿತರಕ್ಕೆ ನಿಂತಿತು. ಹಾಗಾಗಿ ನಮ್ಮ ಸಾಲಿನ ಹೆಬ್ಬೆರಳು ಇಂದಿಗೂ ಗಾಜಿನ ಮೇಲಿದೆ.

ಬೆರಳಿನ ವಿಚಾರ ಕೋರ್ಟಿನಲ್ಲಾದರೂ ತೂಗಿತು. ಕಿವಿಯ ವಿಚಾರಕ್ಕೆ ಆ ಭಾಗ್ಯ ಪೂರ್ತಿ ಬಂದಿಲ್ಲ. ಫೋನ್ ಕದ್ದಾಲಿಕೆಯ ಆರೋಪಕ್ಕೆ 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಕುರ್ಚಿ ಬಿಟ್ಟ ರಾಜ್ಯ ನಮ್ಮದು. 2019ರಲ್ಲಿ ಅಂಥದೇ ಆರೋಪವೊಂದನ್ನು ಸಿಬಿಐಗೆ ಒಪ್ಪಿಸಿದ್ದೂ ಇಲ್ಲಿಯೇ. 1996ರಲ್ಲಿ ಸುಪ್ರೀಂ ಕೋರ್ಟ್ ಕೆಲವು ಕಟ್ಟಳೆ ಹಾಕಿತು: ಆದೇಶಕ್ಕೆ ಗೃಹ ಕಾರ್ಯದರ್ಶಿಯ ಸಹಿ, ಪರಿಶೀಲನೆಗೊಂದು ಸಮಿತಿ. ನಿಯಮದ ಪ್ರಕಾರ ಒಂದು ಆದೇಶ 60 ದಿನ ನಡೆಯುತ್ತದೆ, ಬೆಳೆಸಿದರೆ 180 ದಿನ. ರಾಜ್ಯದ ಸಮಿತಿಯಲ್ಲಿ ಕೂರುವವರು ಮುಖ್ಯ ಕಾರ್ಯದರ್ಶಿ, ಜೊತೆಗೆ ಇನ್ನಿಬ್ಬರು ಕಾರ್ಯದರ್ಶಿಗಳು. ಸಹಿ ಹಾಕುವವರೂ ಅಧಿಕಾರಿಗಳೇ, ಪರಿಶೀಲಿಸುವವರೂ ಅಧಿಕಾರಿಗಳೇ. ಬ್ರಿಟನ್ನಿನಲ್ಲಿ 2016ರ ಕಾಯ್ದೆಯ ನಂತರ ಮಂತ್ರಿ ಸಹಿ ಹಾಕಿದ ವಾರಂಟನ್ನು ಒಬ್ಬ ನ್ಯಾಯಿಕ ಕಮಿಷನರ್ ಒಪ್ಪಬೇಕು. ಅಂಥ ಹುದ್ದೆ ನಮ್ಮಲ್ಲಿಲ್ಲ. ಬೆರಳಿನ ವಿಚಾರದಲ್ಲೂ ಕಾನೂನೇ ಇಲ್ಲದ್ದಕ್ಕೆ ಪಿಂಚಣಿಯಲ್ಲಿದ್ದ ಹಿರಿಯರೊಬ್ಬರು ತಮ್ಮ ಹೆಸರಿನಲ್ಲಿ ಅರ್ಜಿ ಹಾಕಬೇಕಾಯಿತು. 2024ರ ಅಕ್ಟೋಬರ್ 28ರಂದು, 98ನೇ ವಯಸ್ಸಿನಲ್ಲಿ ಪುಟ್ಟಸ್ವಾಮಿ ತೀರಿಕೊಂಡರು.

2023ರ ಮೇ ತಿಂಗಳಲ್ಲಿ ಕೊರಟಗೆರೆಯಿಂದ ಗೆದ್ದ ಜಿ. ಪರಮೇಶ್ವರ ಅವರಿಗೆ ಗೃಹ ಖಾತೆ ಸಿಕ್ಕಿತು. ಗುಪ್ತಚರ ಮಾತ್ರ ಮುಖ್ಯಮಂತ್ರಿಯವರಲ್ಲೇ ಉಳಿಯಿತು. ಖಾತೆ ಯಾರ ಬಳಿಯೇ ಇರಲಿ, ಈ ತಾಲ್ಲೂಕಿನವರಿಗೆ ನನ್ನದೊಂದು ಕೋರಿಕೆ. ಮುಂದಿನ ಸಲ ಮತ ಕೇಳಲು ಯಾರೇ ನಿಮ್ಮ ಜಗಲಿಗೆ ಬಂದರೂ ರಸ್ತೆ, ನೀರು, ಚರಂಡಿಯ ಮಾತು ಮುಗಿದ ಮೇಲೆ ಇದನ್ನೂ ಕೇಳಿ: ನಮ್ಮ ಫೋನಿಗೆ ಕಿವಿಗೊಡುವ ಆದೇಶವನ್ನು ಒಬ್ಬ ನ್ಯಾಯಾಧೀಶರು ಮೊದಲು ನೋಡಬೇಕೆಂಬ ಕಾನೂನನ್ನು ಯಾವಾಗ ತರುತ್ತೀರಿ?