ವಾಲ್ಪಾರೈಯಲ್ಲಿ ಎರಡು ದಿನ

ಮಲೆಯ ಮೇಲಣ ಊರುಗಳೆಂದೊಡನೆ ನಮ್ಮವರಿಗೆ ಉದಕಮಂಡಲ, ಕೊಡೈಕಾನಲ್ ಇವೆರಡೇ ನೆನಪಿಗೆ ಬರುವುದು ವಾಡಿಕೆ. ಕೊಯಮತ್ತೂರು ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ, ಆನೆಮಲೆಯ ಮಡಿಲಲ್ಲಿ, ಸುಮಾರು 3,500 ಅಡಿ ಎತ್ತರದಲ್ಲಿರುವ ವಾಲ್ಪಾರೈಯ ಹೆಸರನ್ನು ಕೇಳಿದವರುಂಟು, ಕಂಡವರು ಕಡಿಮೆ. ನಾವೂ ಆ ಪಂಗಡಕ್ಕೇ ಸೇರಿದವರಾಗಿದ್ದೆವು. ಕಳೆದ ಅರ್ಧವಾರ್ಷಿಕ ಪರೀಕ್ಷೆಗಳು ಮುಗಿದ ಬಿಡುವಿನಲ್ಲಿ ಮಡದಿ, ಮಗ, ಸೊಸೆ, ಏಳು ವರ್ಷದ ಮೊಮ್ಮಗ ಇವರೊಡನೆ ಎರಡು ದಿನದ ಮಟ್ಟಿಗೆ ಅಲ್ಲಿಗೆ ಹೋಗಿಬಂದೆವು. ಕಂಡದ್ದನ್ನೂ ಉಂಡದ್ದನ್ನೂ, ಅಲ್ಲಿ ನಾವು ಕಲಿತುಬಂದ ಪಾಠವನ್ನೂ ವಾಚಕ ಬಂಧುಗಳ ಮುಂದಿಡುವುದೇ ಈ ಬರಹದ ಉದ್ದೇಶ.

ಬೆಳಗಾಗುತ್ತಲೇ ತಾಳವಾಡಿಯಿಂದ ಹೊರಟು, ಹಾಸನೂರನ್ನು ದಾಟಿ, ದಿಂಬಂ ಘಟ್ಟದ 27 ತಿರುವುಗಳನ್ನಿಳಿದು, ಬಣ್ಣಾರಿ ಅಮ್ಮನಿಗೆ ಕೈಮುಗಿದು ಕೊಯಮತ್ತೂರನ್ನು ಸೇರಿದೆವು. ಈ ನಗರ ನಮಗೆ ಪರಸ್ಥಳವಲ್ಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲವೂ ಇದೇ ಜಿಲ್ಲೆಯಲ್ಲಿತ್ತು. ಮನೆಯೊಳಗೆ ಕನ್ನಡವನ್ನಾಡುತ್ತ, ಅಕ್ಷರವನ್ನು ಮಾತ್ರ ತಮಿಳಿನಲ್ಲಿಯೇ ಕಲಿತ ದೇವಾಂಗ, ಒಕ್ಕಲಿಗ ಕುಟುಂಬಗಳು ಇಲ್ಲಿ ಇಂದಿಗೂ ಇವೆ. ಅನ್ನಪೂರ್ಣ ಹೋಟೆಲಿನಲ್ಲಿ ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸಿ ತಿಂದು, ಕಾಫಿ ಕುಡಿದೆವು. ಕಾಫಿಯ ರುಚಿಯಲ್ಲಿ ಅರ್ಧ ಪಾಲು ಸಿರುವಾಣಿ ನೀರಿಗೆ ಸಲ್ಲಬೇಕೆಂದು ಊರವರು ಹೇಳುವುದುಂಟು. ನಮಗೂ ಹಾಗೆಯೇ ತೋರಿತು. ಮುಂದೆ ಪೊಳ್ಳಾಚಿ. ದಾರಿಯ ಇಕ್ಕೆಲಗಳಲ್ಲಿಯೂ ತೆಂಗಿನ ತೋಟಗಳೇ. ಅಲ್ಲಿ ಎಳನೀರು ಕುಡಿಯದೆ ಮುಂದೆ ಹೋಗುವುದು ತಪ್ಪೆಂದು ನಮ್ಮ ಮಡದಿಯ ತೀರ್ಪಾಯಿತು.

ಘಟ್ಟದ ಬುಡದಲ್ಲಿ ಆಳಿಯಾರ್ ಅಣೆಕಟ್ಟು. ಮೀನು ತಿನ್ನುವವರಿಗೆ ಅಣೆಕಟ್ಟಿನ ಬಳಿಯ ಅಂಗಡಿಗಳಲ್ಲಿ ಕಾರ ಬಳಿದು ಹುರಿದುಕೊಡುವ ಮೀನು ಹೆಸರಾದದ್ದು. ಮಗನೂ ಸೊಸೆಯೂ ಎರಡೆರಡು ಸಲ ಕೇಳಿ ಹಾಕಿಸಿಕೊಂಡರು. ಆದರೆ ಈ ಜಲಾಶಯದ ಹಿರಿಮೆ ಬೇರೆಯದು. ಪರಂಬಿಕುಳಂ–ಆಳಿಯಾರ್ ಯೋಜನೆಯಿಂದಾಗಿ ಪಶ್ಚಿಮಕ್ಕೆ, ಕೇರಳದತ್ತ ಹರಿಯುತ್ತಿದ್ದ ಮಲೆಯ ಹೊಳೆಗಳ ನೀರು ಸುರಂಗಗಳ ಮೂಲಕ ಪೂರ್ವಕ್ಕೆ ತಿರುಗಿ, ಇಂದಿನ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಒಣನೆಲವನ್ನು ತಣಿಸುತ್ತಿದೆ. ಎರಡು ರಾಜ್ಯಗಳ ನಡುವಣ ಒಪ್ಪಂದಕ್ಕೆ ಸಹಿಯಾದದ್ದು 1970ರ ಮೇ 29ರಂದು. ಅದು ಜಾರಿಗೆ ಬಂದದ್ದು ಮಾತ್ರ 1958ರಿಂದ ಪೂರ್ವಾನ್ವಯವಾಗಿ. ಗಡಿಯಲ್ಲಿ ಬಾಳುವ ನಮಗೆ, ನೀರು ಗಡಿಯನ್ನು ದಾಟಬೇಕಾದರೂ ಕಾಗದ ಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಳಿಯಾರಿನಿಂದ ವಾಲ್ಪಾರೈಗೆ 40 ತಿರುವುಗಳು. ಪ್ರತಿಯೊಂದಕ್ಕೂ ಸಂಖ್ಯೆಯ ಫಲಕವಿದೆ. ಮೊಮ್ಮಗ ಒಂದೊಂದನ್ನೂ ಕೂಗಿ ಎಣಿಸತೊಡಗಿದುದರಿಂದ ನಮಗೆ ಶಾಲೆಯಲ್ಲಿಯೇ ಕುಳಿತಂತಾಯಿತು. ಒಂಬತ್ತನೆಯ ತಿರುವಿನಲ್ಲಿ ಲೋಮ್ಸ್ ವ್ಯೂ ಎಂಬ ನೋಟದ ತಾಣ. ಕೆಳಗೆ ಆಳಿಯಾರಿನ ನೀರು ಕನ್ನಡಿಯ ಚೂರಿನಂತೆ ಹೊಳೆಯುತ್ತಿತ್ತು. ಮೇಲಿನ ಬಂಡೆಯ ಅಂಚಿನಲ್ಲಿ ಎರಡು ವರೆಯಾಡುಗಳು ಕದಲದೆ ನಿಂತಿದ್ದವು. ತಮಿಳುನಾಡಿನ ರಾಜ್ಯಪ್ರಾಣಿಯಾದ ಈ ಕಾಡುಮೇಕೆಯನ್ನು ನಾವು ಅಂದಿನವರೆಗೆ ಪಠ್ಯಪುಸ್ತಕದಲ್ಲಿ ಮಾತ್ರ ಕಂಡಿದ್ದೆವು.

ಘಟ್ಟವೇರಿದ ಮೇಲೆ ಕಣ್ಣು ಹಾಯುವಷ್ಟೂ ಚಹಾ ತೋಟ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಾರ್ವರ್ ಮಾರ್ಷ್ ಮೊದಲಾದ ಇಂಗ್ಲಿಷ್ ತೋಟಗಾರರು ದಟ್ಟವಾದ ಮಳೆಕಾಡನ್ನು ಕಡಿಸಿ ಇಲ್ಲಿ ತೋಟಗಳನ್ನೆಬ್ಬಿಸಿದರು. ಮಾರ್ಷನ ಪ್ರತಿಮೆ ದಾರಿಯ ಬದಿಯಲ್ಲಿದೆ. ಕಡಿದವರಿಗೂ ನೆಟ್ಟವರಿಗೂ ಪ್ರತಿಮೆಯಿಲ್ಲ. ಅವರ ಕಥೆಯನ್ನು ಈ ತೋಟಗಳಲ್ಲಿ ವೈದ್ಯರಾಗಿದ್ದ ಪಿ. ಎಚ್. ಡೇನಿಯಲ್ ಅವರು 1969ರಲ್ಲಿ ‘ರೆಡ್ ಟೀ’ ಎಂಬ ಇಂಗ್ಲಿಷ್ ಕಾದಂಬರಿಯಾಗಿ ಬರೆದರು. ಬಯಲುಸೀಮೆಯ ಬಡವರು ಮುಂಗಡದ ಆಸೆಗೆ ಮೇಸ್ತ್ರಿಯ ಹಿಂದೆ ಬೆಟ್ಟವೇರಿ, ಸಾಲ ತೀರದೆ, ಚಳಿಜ್ವರಕ್ಕೆ ಬಲಿಯಾದ ಕಥೆಯದು. 2013ರಲ್ಲಿ ತೆರೆಕಂಡ ಬಾಲಾ ಅವರ ‘ಪರದೇಶಿ’ ಚಲನಚಿತ್ರಕ್ಕೆ ಇದೇ ಆಧಾರ. ವಾಲ್ಪಾರೈ ಪೇಟೆಯ ಚಿಕ್ಕ ಅಂಗಡಿಯೊಂದರಲ್ಲಿ ಬಿಸಿ ಬಜ್ಜಿಯೊಡನೆ ಚಹಾ ಕುಡಿಯುವಾಗ ಇದೆಲ್ಲ ನೆನಪಿಗೆ ಬಂತು. ಚಹಾ ಸೊಗಸಾಗಿತ್ತು, ಅದನ್ನೂ ಹೇಳದಿರಲಾಗದು.

ಪೇಟೆಗೆ ಅನತಿದೂರದ ಪುದುತೋಟ್ಟದಲ್ಲಿ ಸಿಂಗಳೀಕಗಳನ್ನು ಕಾಣಬಹುದು. ಕರಿಯ ಮುಖದ ಸುತ್ತ ನರೆತ ಕೇಸರ, ಬಾಲದ ತುದಿಯಲ್ಲಿ ಸಿಂಹದಂತೆ ಕುಚ್ಚು. ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ ಕಪಿ. ವಾಹನ ನಿಲ್ಲಿಸಿದೊಡನೆ ಒಂದು ಹತ್ತಿರ ಬಂತು. ಮೊಮ್ಮಗ ಬಿಸ್ಕತ್ತು ಬೇಡಿದ. ನಾವೇ ಪೊಟ್ಟಣ ಬಿಚ್ಚಿ ಅವನ ಕೈಗಿತ್ತೆವು. ಅಷ್ಟರಲ್ಲಿ ರಸ್ತೆಯ ಬದಿಯಲ್ಲಿದ್ದ ಕಾವಲುಗಾರರೊಬ್ಬರು ಓಡಿಬಂದು ಮಗುವಿನ ಕೈಹಿಡಿದು ತಡೆದರು. “ಅಯ್ಯಾ, ನೀವು ಇವತ್ತು ಕೊಟ್ಟು ಹೊರಟುಹೋಗುತ್ತೀರಿ. ನಾಳೆ ಇದು ಇನ್ನೊಂದು ಗಾಡಿಗಾಗಿ ರಸ್ತೆಯಲ್ಲೇ ಕಾಯುತ್ತದೆ. ಗಾಲಿಗೆ ಸಿಕ್ಕಿದಾಗ ಎತ್ತುವವರು ನಾವು,” ಎಂದರು ತಮಿಳಿನಲ್ಲಿ. ಅವರು ಬೆರಳು ತೋರಿದ ಕಡೆ ನೋಡಿದರೆ, ಕಪಿಗಳು ನೆಲಕ್ಕಿಳಿಯದೆ ರಸ್ತೆ ದಾಟಲೆಂದು ಮರದಿಂದ ಮರಕ್ಕೆ ತೂಗುಸೇತುವೆ ಕಟ್ಟಿತ್ತು. ಮೂವತ್ತು ವರ್ಷ ಪರಿಸರ ಪಾಠ ಹೇಳಿದ ನಾವು ತಲೆತಗ್ಗಿಸಿ ನಿಂತೆವು. ಮೊಮ್ಮಗ ನಮ್ಮ ಮುಖವನ್ನೇ ನೋಡುತ್ತಿದ್ದ. ತಪ್ಪು ನಮ್ಮದೆಂದು ಅವನೆದುರಿಗೇ ಒಪ್ಪಿಕೊಂಡೆವು.

ಮರುದಿನ ಬೆಳಗ್ಗೆ ನಲ್ಲಮುಡಿಯ ಪೂಂಜೋಲೆಗೆ ಹೋದೆವು. ಮಂಜು ಸರಿದ ಗಳಿಗೆಯಲ್ಲಿ 2,695 ಮೀಟರ್ ಎತ್ತರದ ಆನೆಮುಡಿ ಶಿಖರ ಕಂಡಿತು. ಅಲ್ಲಿಂದ ಶೋಲೆಯಾರ್ ಜಲಾಶಯ. ನೂರು ಮೀಟರಿಗೂ ಮಿಕ್ಕಿ ಎತ್ತರದ ಈ ಕಟ್ಟೆಯ ಹಿಂದೆ ಕಾಡು ನೀರಿನವರೆಗೂ ಇಳಿದುಬಂದಿದೆ. ತೋಟಗಳ ನಡುವೆ ಕಂಬಗಳ ಮೇಲೆ ಕೆಂಪು ದೀಪಗಳಿವೆ. ಆನೆ ಸಮೀಪದಲ್ಲಿದ್ದಾಗ ಅವು ಮಿನುಗುತ್ತವೆ. ತೋಟದವರ ಫೋನಿಗೂ ಸುದ್ದಿ ಹೋಗುತ್ತದೆ. ಈ ಏರ್ಪಾಡಿನ ಹಿಂದಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ನಮ್ಮ ಮೈಸೂರಿನಲ್ಲಿ ನೆಲೆಯುಳ್ಳ ಸಂಸ್ಥೆ ಎಂಬುದು ಹೆಮ್ಮೆಯ ಮಾತು. ಇದಕ್ಕಾಗಿ ಶ್ರಮಿಸಿದ ಎಂ. ಆನಂದಕುಮಾರ್ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ದೊರೆಯಿತು. ಆದರೆ ಎಲ್ಲ ಅಪಾಯಕ್ಕೂ ದೀಪವಿಲ್ಲ. 2025ರ ಜೂನ್ ತಿಂಗಳಲ್ಲಿ, ಜಾರ್ಖಂಡದಿಂದ ತೋಟದ ಕೆಲಸಕ್ಕೆ ಬಂದಿದ್ದ ಕುಟುಂಬವೊಂದರ ಪುಟ್ಟ ಹೆಣ್ಣುಮಗುವನ್ನು ಚಿರತೆ ಹೊತ್ತೊಯ್ದಿತು. ಹಿಂದೆ ಬಯಲುಸೀಮೆಯವರು ಬಂದಂತೆ ಈಗ ಜಾರ್ಖಂಡ, ಅಸ್ಸಾಮುಗಳಿಂದ ಬಡವರು ಈ ಬೆಟ್ಟವನ್ನೇರುತ್ತಿದ್ದಾರೆ.

ಅಂಥವರೇ ಒಬ್ಬ ತಾಯಿ ಪೇಟೆಯ ಬಸ್ ನಿಲ್ದಾಣದಲ್ಲಿ ಮಗಳೊಡನೆ ನಿಂತಿದ್ದರು. ಬಸ್ಸಿನ ಹಣೆಯ ಮೇಲಣ ತಮಿಳು ಫಲಕವನ್ನು ಮಗಳು ಓದಿ, ತಮ್ಮ ಭಾಷೆಯಲ್ಲಿ ತಾಯಿಗೆ ತಿಳಿಸಿದಳು. ಮೈಮೇಲೆ ಶಾಲೆಯ ಸಮವಸ್ತ್ರ. ಯಾವ ತರಗತಿಯೆಂದು ತಮಿಳಿನಲ್ಲಿ ಕೇಳಿದೆವು, ಮೂರನೆಯದೆಂದಳು. ಮನೆಯ ಮಾತನ್ನು ಬರೆಯಲು ಬರುವುದೇ ಎಂದು ಕೇಳಿದೆವು. ಹಾಗೊಂದು ಸಾಧ್ಯತೆಯಿದೆಯೆಂಬುದೇ ಹೊಸತೆನ್ನುವಂತೆ ನಮ್ಮನ್ನು ನೋಡಿ, ಇಲ್ಲವೆಂದು ತಲೆಯಾಡಿಸಿ, ತಾಯಿಯ ಕೈಹಿಡಿದು ಬಸ್ಸು ಹತ್ತಿದಳು. ಕತ್ತಲಾಗುವ ಮುನ್ನ ಅವರು ಮನೆ ಸೇರಬೇಕಾಗಿತ್ತು. 2006ರ ತಮಿಳು ಕಲಿಕೆ ಕಾಯಿದೆ ಬಂದಾಗ ನಾವೆಲ್ಲ ಎಷ್ಟು ಕಳವಳಗೊಂಡಿದ್ದೆವು! ಬಾಳುವ ನೆಲದ ಭಾಷೆಯನ್ನು ಕಲಿಯುವುದರಲ್ಲಿ ನಷ್ಟವಿಲ್ಲವೆಂದು ಈಗ ನಮಗೆ ಅನಿಸುತ್ತದೆ. ಆ ಹುಡುಗಿಗೆ ತಮಿಳು ದಾರಿ ತೋರುತ್ತಿತ್ತು. ಆದರೆ ನಮ್ಮ ಮಕ್ಕಳಿಗೆ ಕನ್ನಡದ ಶಾಲೆ ಇನ್ನೂ ಉಳಿದಿದೆ. ಅದರ ಬೆಲೆ ಇಲ್ಲದವರನ್ನು ಕಂಡಾಗಲೇ ತಿಳಿಯುವುದು.

ಹೋಗಬಯಸುವ ಬಂಧುಗಳಿಗೆ ಕೆಲವು ಮಾತುಗಳು. 2025ರ ನವೆಂಬರ್ 1ರಿಂದ ಹೊರಗಿನ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಗಿದೆ, ಮೊದಲೇ ಪಡೆದಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ವಿಪರೀತ. ಬೆಚ್ಚನೆಯ ಬಟ್ಟೆ ಎಂದಿಗೂ ಜೊತೆಗಿರಲಿ. ಘಟ್ಟವನ್ನು ಹಗಲಿನಲ್ಲಿಯೇ ಹತ್ತಿ ಇಳಿಯಿರಿ. ಹೊಳೆಗಳು ಶಾಂತವಾಗಿ ಕಂಡರೂ ನೀರಿಗಿಳಿಯದಿರಿ. 2023ರ ಅಕ್ಟೋಬರಿನಲ್ಲಿ ಕೊಯಮತ್ತೂರಿನಿಂದ ಬಂದ ಐವರು ವಿದ್ಯಾರ್ಥಿಗಳು ಇಲ್ಲಿ ಮುಳುಗಿ ತೀರಿಕೊಂಡರು. ಬಿಸ್ಕತ್ತಿನ ವಿಷಯವನ್ನಂತೂ ನಾವು ಮತ್ತೆ ಹೇಳಬೇಕಾಗಿಲ್ಲ.

ಹಿಂದಿರುಗುವಾಗ ತೋಟದ ಚಹಾಪುಡಿಯ ಎರಡು ಪೊಟ್ಟಣಗಳನ್ನು ಕೊಂಡುತಂದೆವು. ಮನೆಯಲ್ಲಿ ಮೊದಲ ಚಹಾ ಕಾಯುವಾಗ ಮೊಮ್ಮಗ ಪೊಟ್ಟಣದ ಮೇಲಣ ತಮಿಳು ಅಕ್ಷರಗಳನ್ನು ಕೂಡಿಸಿ ‘ವಾಲ್ಪಾರೈ’ ಎಂದು ಓದಿದ. ಆಮೇಲೆ ಹಲಗೆಯನ್ನು ತಂದು, “ತಾತಾ, ಇದನ್ನು ಕನ್ನಡದಲ್ಲಿ ಬರೆಯುವುದು ಹೇಗೆ?” ಎಂದು ಕೇಳಿದ. ಚಹಾ ಆರುವುದನ್ನು ಲೆಕ್ಕಿಸದೆ, ಅವನ ಕೈಹಿಡಿದು ಬರೆಯಿಸಿದೆವು.