ಮೊದಲ ಇನ್ನಿಂಗ್ಸಿನ ಮುನ್ನಡೆ

ಧರ್ಮವಿಚಾರಕ್ಕೆ ಮೀಸಲಾದ ಈ ಪುಟಗಳಲ್ಲಿ ಕ್ರಿಕೆಟ್ಟಿನ ಮಾತನ್ನೆತ್ತುವುದಕ್ಕೆ ವಾಚಕ ಮಹಾಶಯರು ಕ್ಷಮಿಸಬೇಕು. ಮರಳಿಯಲ್ಲಿ ಭತ್ತದ ವ್ಯಾಪಾರ ಮಾಡುತ್ತ ಅರವತ್ತು ದಾಟಿದ ನನಗೆ ಕರ್ನಾಟಕದ ರಣಜಿ ತಂಡದ ಮೇಲಿನ ಮೋಹವೊಂದು ಇನ್ನೂ ಕರಗಿಲ್ಲ. ಆ ಮೋಹದಲ್ಲಿ ಅಸಮಾಧಾನವೂ ಬೆರೆತಿದೆ. ನಮ್ಮವರು ಗೆದ್ದಾಗಲೂ ಎಷ್ಟೋ ಸಲ ಗೆದ್ದಂತೆ ಅನಿಸುವುದಿಲ್ಲ.

ರಣಜಿಯ ನಾಕೌಟ್ ಪಂದ್ಯ ಡ್ರಾ ಆದರೆ, ಮೊದಲ ಇನ್ನಿಂಗ್ಸಿನಲ್ಲಿ ಒಂದೇ ಒಂದು ರನ್ ಹೆಚ್ಚು ಗಳಿಸಿದವರೇ ವಿಜಯಿಗಳು. ಹದಿನೈದು ವರ್ಷ ಸತತವಾಗಿ ಗೆದ್ದಿದ್ದ ಮುಂಬಯಿಯನ್ನು 1973-74ರ ಸೆಮಿಫೈನಲ್ಲಿನಲ್ಲಿ ಪ್ರಸನ್ನರ ತಂಡ ತಡೆದದ್ದೂ ಈ ಮುನ್ನಡೆಯ ಬಲದಿಂದಲೇ. ನಮ್ಮವರದು 385, ಅವರದು 307. ಆಗ ನಾನು ಬಾಲಕ, ಯಾವ ಆಕ್ಷೇಪವೂ ತೋರಲಿಲ್ಲ. 1981-82ರ ಫೈನಲ್ಲಿನಲ್ಲಿ ದಿಲ್ಲಿಯೆದುರು ಕರ್ನಾಟಕ 705 ರನ್ ಪೇರಿಸಿತು. ರಾಕೇಶ್ ಶುಕ್ಲಾ ಮತ್ತು ರಾಜೇಶ್ ಪೀಟರ್ ಒಂಬತ್ತನೆಯ ವಿಕೆಟ್ಟಿಗೆ ಮುರಿಯದ ಜೊತೆಯಾಟವಾಡಿ, ದಿಲ್ಲಿಯನ್ನು ಎಂಟು ವಿಕೆಟ್ಟಿಗೆ 707ಕ್ಕೆ ಮುಟ್ಟಿಸಿದರು. ಬಿ.ಕಾಂ. ವಿದ್ಯಾರ್ಥಿಯಾಗಿದ್ದ ನಾನು ಈ ನಿಯಮವನ್ನು ಮನಸಾರೆ ಶಪಿಸಿದೆ. ಮರುವರ್ಷ ಅದೇ ನಿಯಮದಿಂದ ಮುಂಬಯಿಯನ್ನು ಮೀರಿಸಿ ಕಪ್ಪು ನಮ್ಮದಾದಾಗ ಹಾಸ್ಟೆಲಿನಲ್ಲಿ ಪೇಢೆ ಹಂಚಿದವನೂ ನಾನೇ!

1995-96ರಲ್ಲಿ ತಮಿಳುನಾಡಿನೆದುರು, 1997-98ರಲ್ಲಿ ಉತ್ತರಪ್ರದೇಶದೆದುರು ಗೆದ್ದದ್ದೂ ಹಾಗೆಯೇ. ಮುನ್ನಡೆ ದಕ್ಕಿದ ತಂಡಕ್ಕೆ ಮುಂದೆ ಗೆಲ್ಲುವ ಅಗತ್ಯವೇ ಇಲ್ಲ, ಹೊತ್ತು ಕಳೆದರೆ ಸಾಕು. ಈ ಹೊತ್ತುಗಳೆಯುವಿಕೆಯೇ ನನಗೆ ಸಹಿಸದು. 1998-99ರಲ್ಲಿ ಮಾತ್ರ ಬೆಂಗಳೂರಿನಲ್ಲಿ ಮಧ್ಯಪ್ರದೇಶಕ್ಕೆ 75 ರನ್ ಮುನ್ನಡೆ ಬಿಟ್ಟುಕೊಟ್ಟ ನಮ್ಮವರಿಗೆ ಬೇರೆ ದಾರಿಯಿರಲಿಲ್ಲ. ಕಡೆಯ ದಿನ ವಿಜಯ್ ಭಾರದ್ವಾಜ್ ಆರು ವಿಕೆಟ್ ಕಿತ್ತರು, 96 ರನ್ನುಗಳ ಜಯ ಬಂತು. ಮರುದಿನ ಪತ್ರಿಕೆಯನ್ನು ಗಲ್ಲೆಯ ಮೇಲೆ ಹರಡಿಕೊಂಡು ಎರಡು ಸಲ ಓದಿದೆ, ಗಿರಾಕಿಗಳು ಕಾದರು.

2025ರ ಫೆಬ್ರುವರಿಯಲ್ಲಿ ಕೇರಳವು ಕ್ವಾರ್ಟರ್ ಫೈನಲ್ಲಿನಲ್ಲಿ ಒಂದು ರನ್, ಸೆಮಿಫೈನಲ್ಲಿನಲ್ಲಿ ಎರಡು ರನ್ ಮುನ್ನಡೆಯಿಂದ ದಾಟಿತು. ಗುಜರಾತಿನ ಕಡೆಯ ಆಟಗಾರ ಬೀಸಿದ ಚೆಂಡು ಹತ್ತಿರ ನಿಂತಿದ್ದ ಫೀಲ್ಡರನ ಹೆಲ್ಮೆಟ್ಟಿಗೆ ಬಡಿದು ಸ್ಲಿಪ್ಪಿನವನ ಕೈಗೆ ಬಿತ್ತು. ನಾನು ಗೊಣಗಿದೆ. "ನಿಯಮದ ಪ್ರಕಾರವೇ ಗೆದ್ದರಲ್ಲ ಅಜ್ಜಾ?" ಎಂದು ಮೊಮ್ಮಗ ಕೇಳಿದ. "ಗೆದ್ದರಪ್ಪ, ಆದರೆ ಅದೊಂದು ಗೆಲುವೇ?" ಎಂದುಬಿಟ್ಟೆ. ಬಾಯಿಂದ ಮಾತು ಹೊರಬಿದ್ದೊಡನೆ ಹಳೆಯ ಖಾತೆಯೊಂದು ಕಣ್ಣೆದುರು ನಿಂತಿತು.

ಸುಮಾರು ಮೂವತ್ತು ವರ್ಷಗಳ ಹಿಂದೆ ರೈತರೊಬ್ಬರಿಗೆ ಭತ್ತದ ಬಾಕಿ ಕೊಡುವುದಿತ್ತು. ತೇವಾಂಶದ ಕಡಿತದ ಬಗ್ಗೆ ತಕರಾರಾಯಿತು. ಅವರು ಅಲೆದರು, ನಾನು ದಿನ ದೂಡಿದೆ. ಮೂರು ವರ್ಷ ಕಳೆಯಿತು. 1963ರ ಕಾಲಮಿತಿ ಕಾಯ್ದೆಯಂತೆ ಇನ್ನು ದಾವೆ ಹೂಡುವಂತಿರಲಿಲ್ಲ. ಅದನ್ನು ಅವರಿಗೆ ನಾನೇ ತಿಳಿಸಿದೆ, ಸ್ವಲ್ಪ ಹೆಮ್ಮೆಯಿಂದಲೇ. ಅಚೌರ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳನ್ನು ಒಂದೊಂದಾಗಿ ಎಣಿಸಿ, ನನ್ನದು ಯಾವುದರಲ್ಲಿಯೂ ಸೇರದೆಂದು ಸಮಾಧಾನವನ್ನೂ ಪಟ್ಟುಕೊಂಡಿದ್ದೆ. ಪಾಂಡಿತ್ಯಕ್ಕೆ ಇಂಥ ಉಪಯೋಗವೂ ಉಂಟು.

ಆದರೆ ಕಾಲಮಿತಿಯು ದಾವೆಯ ಬಾಗಿಲನ್ನು ಮುಚ್ಚುತ್ತದೆಯೇ ಹೊರತು ಸಾಲವನ್ನು ಅಳಿಸುವುದಿಲ್ಲ, ಇದನ್ನು ಬಿ.ಕಾಂ.ನಲ್ಲಿ ಓದಿಯೇ ಉತ್ತೀರ್ಣನಾದವನು ನಾನು. ಆ ಮೊಬಲಗನ್ನು ಲಾಭಕ್ಕೆ ಜಮಾ ಮಾಡಲು ಕೈ ಬಂದಿರಲಿಲ್ಲ, ತೀರಿಸಲು ಮನಸ್ಸೂ ಬಂದಿರಲಿಲ್ಲ. ಪ್ರತಿ ದೀಪಾವಳಿಗೆ ಹೊಸ ಕಿರ್ದಿಯನ್ನು ಪೂಜಿಸಿ, ಅದನ್ನು ಅನಾಮತ್ತಾಗಿ ಮುಂದಕ್ಕೆ ಎಳೆಯುತ್ತ ಬಂದಿದ್ದೆ.

ಆ ರೈತರು ಈಗಿಲ್ಲ. ಅವರ ಮಗ ಕಾಲುವೆಯಾಚೆಯ ಹಳ್ಳಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದಾರೆ. ಕಳೆದ ಬೇಸಿಗೆಯಲ್ಲಿ ಬಡ್ಡಿ ಸೇರಿಸಿ ಲೆಕ್ಕ ಬರೆದುಕೊಂಡು ಹೋದೆ. ಆತ ಚೀಟಿಯನ್ನು ನಿಧಾನವಾಗಿ ಓದಿದರು. ಬಡ್ಡಿ ಬೇಡವೆನ್ನುವರೆಂದು ಒಳಗೊಳಗೇ ನಿರೀಕ್ಷಿಸಿದ್ದೆ, ಹಾಗೆನ್ನಲಿಲ್ಲ. ನನ್ನೆದುರೇ ಎರಡು ಸಲ ಎಣಿಸಿ ಹಣವನ್ನು ಒಳಗಿಟ್ಟು ಬಂದು, "ಅಪ್ಪ ಸಾಯುವತನಕ ನಿಮ್ಮ ಅಂಗಡಿ ಮುಂದೆ ಹಾಯಲಿಲ್ಲ, ಸುತ್ತುಹಾಕಿ ಹೋಗುತ್ತಿದ್ದರು" ಎಂದರು. ಮಜ್ಜಿಗೆ ತರಿಸಿದರು. ಕುಡಿದು ಬಂದೆ.