ಗಾಲಿಗೊಂದು ಸೆರಗು

ನಿಪ್ಪಾಣಿಯ ನನ್ನ ಅಕ್ಕನ ಮನೆಯ ಅಂಗಳದಲ್ಲಿ ಒಂದು ಅಂಬಾಸಡರ್ ಕಾರಿದೆ. 1968ರ ಮಾರ್ಕ್ 2. ತಂಬಾಕಿನ ವ್ಯಾಪಾರ ಕೈಹಿಡಿದ ಕಾಲದಲ್ಲಿ ಅಕ್ಕನ ಮಾವನವರು ಕೊಂಡದ್ದು. ಅವರು ತೀರಿಕೊಂಡು ಬಹಳ ವರ್ಷಗಳಾದವು. ಕಾರು ಮಾತ್ರ ಇನ್ನೂ ಅವರದೇ. ಭಾವನವರು ಅದನ್ನು ‘ಅಪ್ಪನ ಗಾಡಿ’ ಎಂದೇ ಕರೆಯುತ್ತಾರೆ. ಯಾರಾದರೂ ಬಾಗಿಲನ್ನು ಜೋರಾಗಿ ಹಾಕಿದರೆ ಅವರ ಮುಖ ಸಣ್ಣದಾಗುತ್ತದೆ.

ಕಳೆದ ನವೆಂಬರಿನಲ್ಲಿ ನಾನು ಹೋದಾಗ ಆ ಮನೆಯಲ್ಲಿ ತಂದೆ ಮಗನ ನಡುವೆ ಮಾತು ನಿಂತು ನಾಲ್ಕು ದಿನವಾಗಿತ್ತು. ಕಾರಣ ಈ ಕಾರು. ಇಂಜಿನಿಯರಿಂಗ್ ಓದುತ್ತಿರುವ ಅಳಿಯನಿಗೆ ಹಿಂದಿನ ಎರಡೂ ಗಾಲಿಗಳನ್ನು ತಗಡಿನಿಂದ ಮುಚ್ಚುವ ಆಸೆ. ಅಮೆರಿಕದ ಹಳೆಯ ಕಾರುಗಳ ಚಿತ್ರಗಳನ್ನು ಫೋನಿನಲ್ಲಿ ತುಂಬಿಸಿಕೊಂಡಿದ್ದ. ಹಿಂದಿನ ಮಡ್‌ಗಾರ್ಡಿನ ಕಮಾನಿಗೆ ಹಲಗೆಯಂತೆ ಕೂತು ಗಾಲಿಯ ಮುಕ್ಕಾಲು ಭಾಗವನ್ನು ಮರೆಮಾಡುವ ಈ ಮುಚ್ಚಳಕ್ಕೆ ಅಮೆರಿಕದವರು ‘ಫೆಂಡರ್ ಸ್ಕರ್ಟ್’ ಎನ್ನುತ್ತಾರೆ. ಅಕ್ಕ ಅದಕ್ಕೆ ‘ಗಾಲಿಯ ಸೆರಗು’ ಎಂದು ಹೆಸರಿಟ್ಟಳು. ಹೆಸರು ಮನೆಯಲ್ಲಿ ನಿಂತುಬಿಟ್ಟಿತು.

‘ಮಾಮಾ, ನೀವ ಹೇಳ್ರಿ. ಇದರಾಗ ಏನ್ ತಪ್ಪೈತಿ?’ ಎಂದ ಅಳಿಯ.

‘ಅಪ್ಪನ ಗಾಡಿಗೆ ತೂತು ಹಾಕೂದು ತಪ್ಪು’ ಎಂದು ಒಳಗಿನಿಂದ ಉತ್ತರ ಬಂತು. ನಾಲ್ಕು ದಿನದ ಮೇಲೆ ಮಗನಿಗೆ ಆಡಿದ ಮೊದಲ ಮಾತಂತೆ ಅದು.

ಮರುದಿನ ಕಾಗವಾಡದಲ್ಲಿ ಬಂಧುಗಳ ಮದುವೆ. ಅದಕ್ಕೆ ಮೊದಲು ಅಥಣಿಗೆ ಹೋಗಿ ಮದುಮಗನಿಗೆ ಚಪ್ಪಲಿ ತರಬೇಕು. ಚಿಕ್ಕೋಡಿ, ರಾಯಬಾಗ, ಅಥಣಿ, ಅಲ್ಲಿಂದ ಮತ್ತೆ ಪಶ್ಚಿಮಕ್ಕೆ ಕಾಗವಾಡ: ದೊಡ್ಡ ಸುತ್ತು. ಅಪ್ಪನ ಗಾಡಿಯಲ್ಲೇ ಹೊರಟೆವು. ನ್ಯಾಯ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದ್ದರಿಂದ ನನ್ನನ್ನು ಇಬ್ಬರ ನಡುವೆ, ಮುಂದಿನ ಸೀಟಿನಲ್ಲೇ ಕೂಡಿಸಿದರು. ಅಂಬಾಸಡರ್‌ನ ಆ ಉದ್ದನೆಯ ಸೀಟಿನ ಸುಖ ಈಗಿನ ಕಾರುಗಳಲ್ಲಿಲ್ಲ.

ಕಬ್ಬು ನುರಿಸುವ ಹಂಗಾಮು ಶುರುವಾಗಿತ್ತು. ಚಿಕ್ಕೋಡಿ ದಾಟುವ ಹೊತ್ತಿಗೆ ರಸ್ತೆಯ ತುಂಬ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು. ಅವುಗಳ ಅಲಂಕಾರವನ್ನು ನೋಡಿಯೇ ತಿಳಿಯಬೇಕು. ಮಡ್‌ಗಾರ್ಡಿನ ಮೇಲೆ ಮಕ್ಕಳ ಹೆಸರು, ದೇವರ ಹೆಸರು. ಕನ್ನಡಿಗೆ ಉಣ್ಣೆಯ ಗೊಂಡೆ. ಹಾಡಿನ ಅಬ್ಬರ ಟ್ರ್ಯಾಕ್ಟರಿಗಿಂತ ಅರ್ಧ ಮೈಲಿ ಮುಂದೆ. ಅಳಿಯ ಇದನ್ನೇ ಹಿಡಿದುಕೊಂಡ. ‘ಇವರು ಮಾಡಿದ್ರ ಹೌಸಿ, ನಾ ಮಾಡಿದ್ರ ಹುಚ್ಚ ಏನ್ರಿ?’

ಹುಡುಗನ ಮಾತಿನಲ್ಲಿ ಹುರುಳಿತ್ತು. ಅಮೆರಿಕದಲ್ಲೂ ಇದು ಶುರುವಾದದ್ದು ಹೌಸಿನಿಂದಲೇ. 1930ರ ದಶಕದಲ್ಲಿ ಗಾಳಿಯನ್ನು ಸೀಳಿಕೊಂಡು ಹೋಗುವ ಆಕಾರಕ್ಕೆ ಬೆಲೆ ಬಂದಾಗ ಕಾರು ತಯಾರಕರು ಹಿಂದಿನ ಗಾಲಿಗಳನ್ನು ಮುಚ್ಚತೊಡಗಿದರು. ಮುಂದಿನವು ತಿರುಗಬೇಕು, ಅವಕ್ಕೆ ಜಾಗ ಬೇಕು. ಹಿಂದಿನವು ಸುಮ್ಮನೆ ಹಿಂಬಾಲಿಸುತ್ತವೆ, ಮುಚ್ಚಿದರೂ ನಡೆಯುತ್ತದೆ. ಎರಡನೆಯ ಮಹಾಯುದ್ಧದ ನಂತರ ಕ್ಯಾಲಿಫೋರ್ನಿಯಾದ ಹುಡುಗರು ಹಳೆಯ ಕಾರು ಕೊಂಡು, ಅದರ ಮೈಯನ್ನು ನೆಲಕ್ಕಿಳಿಸಿ, ಹೊಳೆಯುವ ಪಟ್ಟಿಗಳನ್ನು ಕಿತ್ತು, ಹಿಂದಿನ ಗಾಲಿ ಮುಚ್ಚಿ ತಮ್ಮದೇ ರೂಪ ಕೊಟ್ಟರು. 1949ರಿಂದ 51ರವರೆಗಿನ ಮರ್ಕ್ಯುರಿ ಕಾರು ಅವರಿಗೆ ಅಚ್ಚುಮೆಚ್ಚು. ಹಾಗೆ ಮಾರ್ಪಟ್ಟದ್ದೇ ‘ಕಸ್ಟಮ್ ಕಾರು’. ಅದರ ಗುಟ್ಟು ಒಂದೇ: ನಿಂತಿದ್ದರೂ ನೆಲದ ಮೇಲೆ ಜಾರಿ ಹೋಗುತ್ತಿರುವಂತೆ ಕಾಣಬೇಕು. ಗಾಲಿ ಕಂಡರೆ ಆ ಭ್ರಮೆ ಒಡೆಯುತ್ತದೆ.

ಬರೀ ಹೌಸೂ ಅಲ್ಲ. 1955ರಲ್ಲಿ ಬಂದ ಫ್ರಾನ್ಸಿನ ಸಿಟ್ರೊಯೆನ್ ಡಿ.ಎಸ್. ಕಾರಿನ ಹಿಂದಿನ ಗಾಲಿ ಅರ್ಧ ಮುಚ್ಚಿರುತ್ತದೆ. ಪಂಕ್ಚರ್ ಆದರೆ ಒಂದೇ ಬೋಲ್ಟು ಬಿಚ್ಚಿ ಮಡ್‌ಗಾರ್ಡನ್ನೇ ಎತ್ತಿಡಬಹುದು. 1999ರಲ್ಲಿ ಬಂದ ಹೋಂಡಾ ಇನ್‌ಸೈಟ್ ಹಿಂದಿನ ಗಾಲಿ ಮುಚ್ಚಿಕೊಂಡದ್ದು ಪೆಟ್ರೋಲ್ ಉಳಿಸಲು. ಇದನ್ನೆಲ್ಲ ಹೇಳಿದ್ದು ಅಳಿಯನೇ. ಓದು ಹೇಗೆ ನಡೆದಿದೆ ಎಂದು ಅಕ್ಕ ಚಿಂತೆ ಮಾಡುವುದು ಸುಮ್ಮನೆ ಅನ್ನಿಸಿತು.

ರಾಯಬಾಗ ದಾಟಿ ಕುಡಚಿಯ ಕಡೆಗೆ ಹೊರಟಾಗ ರಸ್ತೆಯ ನಡುವೆ ಕಬ್ಬಿನ ಟ್ರೇಲರೊಂದು ಮಗುಚಿಬಿದ್ದಿತ್ತು. ಹೊಲದ ದಾರಿ ಹಿಡಿಯಬೇಕಾಯಿತು. ಪಕ್ಕದ ಕಬ್ಬಿಗೆ ನೀರು ಬಿಟ್ಟಿದ್ದರು. ದಾರಿಯೆಲ್ಲ ಹಸಿ ಎರೆಮಣ್ಣು. ಎರೆಮಣ್ಣಿನ ಸ್ವಭಾವ ಈ ಕಡೆಯ ಮಕ್ಕಳಿಗೂ ಗೊತ್ತು. ಅದು ಗಾಲಿಯನ್ನು ಬಿಡುವುದಿಲ್ಲ, ಗಾಲಿಯ ಸಂಗಡವೇ ಮೇಲೇರುತ್ತದೆ. ಇನ್ನೂರು ಗಜ ಹೋಗುವಷ್ಟರಲ್ಲಿ ಹಿಂದಿನ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿ, ಕಾರು ನರಳಿ ನಿಂತಿತು.

ಭಾವನವರು ಮಾತಾಡದೆ ಇಳಿದರು. ಧೋತರ ಎತ್ತಿ ಕಟ್ಟಿ, ಬದುವಿನಿಂದ ಒಂದು ಕಬ್ಬಿನ ಗಳ ತಂದು, ಕುಕ್ಕರಗಾಲಿನಲ್ಲಿ ಕೂತು ಕಮಾನಿನೊಳಗಿನ ಮಣ್ಣನ್ನು ಕೆದರತೊಡಗಿದರು. ಇನ್ನೊಂದು ಪಕ್ಕದಲ್ಲಿ ಅಳಿಯ ಕೂತ. ಹದಿನೈದು ನಿಮಿಷ ಇಬ್ಬರೂ ಕೆದರಿದರು. ‘ಈಗ ಇಲ್ಲಿ ನಿನ್ನ ತಗಡ ಇದ್ದಿದ್ರ?’ ಎಂದು ಭಾವ ಕೇಳುತ್ತಾರೆಂದು ನಾನು ಕಾದೆ. ಅವರು ಕೇಳಲಿಲ್ಲ. ಅದು ಅವರ ದೊಡ್ಡತನ. ಅಳಿಯನೇ ಕೈ ಒರೆಸಿಕೊಳ್ಳುತ್ತ, ‘ಬಿಚ್ಚಾಕ ಬರೂವಂಗ ಮಾಡಬೇಕು’ ಎಂದು ತನ್ನಷ್ಟಕ್ಕೆ ಅಂದುಕೊಂಡ.

ಕುಡಚಿಯಲ್ಲಿ ಕೃಷ್ಣೆಯನ್ನು ದಾಟಿದೆವು. ಹೊಳೆಯ ಆಚೆ ಉಗಾರದ ಸಕ್ಕರೆ ಕಾರ್ಖಾನೆಯ ಮಳ್ಳಿಯ ವಾಸನೆ. ಅಥಣಿ ಮುಟ್ಟಿದಾಗ ಮಧ್ಯಾಹ್ನ.

ಕೊಲ್ಹಾಪುರಿ ಎಂದು ಜಗತ್ತು ಕರೆಯುವ ಚಪ್ಪಲಿಗಳನ್ನು ಅಥಣಿ, ನಿಪ್ಪಾಣಿ ಕಡೆಯ ಕೈಗಳೂ ತಲೆಮಾರುಗಳಿಂದ ಹೊಲಿಯುತ್ತ ಬಂದಿವೆ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಅದರಲ್ಲಿ ಸೇರಿದವು. ಅಂಗಡಿಯ ಹಿರಿಯರು ಚಪ್ಪಲಿ ಕಟ್ಟುತ್ತಿದ್ದಾಗ ನಾನು ಇಂಗ್ಲಿಷರ ಸಂಗತಿ ತೆಗೆದೆ. ಗಾಲಿಯ ಮುಚ್ಚಳಕ್ಕೆ ಅವರು ಹೇಳುವುದು ‘ಸ್ಪ್ಯಾಟ್ಸ್’. ಅದು ಮೊದಲು ಬೂಟಿಗೆ ಕೆಸರು ಹತ್ತದಂತೆ ಮೇಲೆ ತೊಡುತ್ತಿದ್ದ ಬಟ್ಟೆಯ ಕವಚದ ಹೆಸರು. ಹಿರಿಯರು ನಕ್ಕರು. ‘ಕೆಸರ ನಾಡಿನ್ಯಾಗ ಕಾಲ ತೆರದಿರಬೇಕ್ರಿ. ತೊಳಕೊಂಡ್ರ ಮುಗೀತು.’

ಕಾರಹುಣ್ಣಿಮೆ ನೆನಪಾಯಿತು. ಅಂದು ಎತ್ತಿನ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಬೆನ್ನಿಗೆ ಜೂಲ. ಆದರೆ ಎಷ್ಟೇ ಹೌಸಿನ ರೈತನಾದರೂ ಜೂಲವನ್ನು ಗೊರಸಿನವರೆಗೆ ಇಳಿಬಿಡುವುದಿಲ್ಲ.

ಅಂಗಡಿಯ ಎದುರಿಗೆ ನಿಂತ ಕಾರನ್ನು ಆಗ ಸರಿಯಾಗಿ ನೋಡಿದೆ. ಕೆಸರು ಒತ್ತಟ್ಟಿಗಿರಲಿ, ಚೆಂದದ ಮಾತಿನಲ್ಲೂ ನನ್ನ ತೀರ್ಪು ಅಳಿಯನ ವಿರುದ್ಧವೇ. ಗಾಲಿಯ ಸೆರಗು ಒಪ್ಪುವುದು ಹಿಂಭಾಗ ಉದ್ದವಾಗಿ, ತಗ್ಗಾಗಿ ಇಳಿದ ಕಾರಿಗೆ. ಅಂಬಾಸಡರ್ ಎತ್ತರದ, ಗುಂಡುಮೈಯ ಗಾಡಿ. ಮಡಕೆಯಂಥ ಬೆನ್ನು, ದುಂಡು ದೀಪ, ದುಂಡು ಗಾಲಿ. ಆ ಗಾಲಿಯನ್ನು ಮುಚ್ಚಿದರೆ ಹಿಂಭಾಗ ಕುಸಿದು ಕೂತ ಹಾಗೆ ಕಾಣುತ್ತದೆ. ಮೈ ಕೆಳಗಿಳಿಸಿದರೆ ಹೊಂದೀತು. ಇಳಿಸಿದರೆ ರಾಯಬಾಗದ ಹೊಲ ಬಿಡಿ, ನಿಪ್ಪಾಣಿಯ ರಸ್ತೆಯ ಉಬ್ಬು ಕೂಡ ದಾಟುವುದಿಲ್ಲ.

ಇನ್ನೊಂದು ಮಾತನ್ನೂ ಅಳಿಯನಿಗೆ ಹೇಳಿದೆ. 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ಮೀರಿದ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ತಂದಿದೆ. ವಾಹನ ಮೂಲರೂಪದಲ್ಲಿರಬೇಕು, ಚಾಸಿ, ಮೈ, ಇಂಜಿನ್ನುಗಳನ್ನು ಹೆಚ್ಚು ಮಾರ್ಪಡಿಸಿರಬಾರದು. ಅಂಬಾಸಡರ್ ತಯಾರಿಕೆ 2014ರಲ್ಲೇ ನಿಂತಿತು. ಮೈಯ ಮೂಲ ತಗಡಿಗೆ ಒಮ್ಮೆ ಕತ್ತರಿ ಬಿದ್ದರೆ ಮತ್ತೆ ಅಂಥದು ಸಿಗುವುದು ಕಷ್ಟ. ಅಳಿಯ ಕೇಳಿಸಿಕೊಂಡ, ಒಪ್ಪಲಿಲ್ಲ. ‘ಅಜ್ಜ ಇದನ್ನ ತಂದಾಗ ಊರಾಗಿನ ಮಂದಿ ತಿರುಗಿ ನೋಡಿದ್ರಂತ. ನನ್ನ ಕೈಯಾಗ ಒಮ್ಮೆನೂ ನೋಡಬಾರದೇನ್ರಿ?’ ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಸ್ಟಿಯರಿಂಗ್ ಹಿಡಿದ ಭಾವನವರು ಅದನ್ನು ಕೇಳಿಸಿಕೊಂಡರೆಂದು ಮಾತ್ರ ಗೊತ್ತಾಯಿತು. ಕಾರಿನ ವೇಗ ತುಸು ಇಳಿದಿತ್ತು.

ಕಾಗವಾಡ ಮುಟ್ಟಿದಾಗ ಸಂಜೆ. ಗಡಿ ಹತ್ತಿರದ ಊರು. ಹಂದರದಲ್ಲಿ ಕನ್ನಡ ಮರಾಠಿ ಎರಡೂ ಮಾತು ಒಂದೇ ಬಾಯಿಯಿಂದ ಬರುತ್ತಿದ್ದವು. ಮದುಮಗನ ಮೆರವಣಿಗೆಗೆ ಅಂಬಾಸಡರೇ ಬೇಕೆಂದು ಹುಡುಗರು ಬಂದು ಹಿಡಿದರು. ಕಾರು ತೊಳೆದು, ಚೆಂಡುಹೂವಿನ ಮಾಲೆ ಕಟ್ಟಿದರು. ಮೆರವಣಿಗೆ ಹೊರಟಾಗ ಊರ ಮಂದಿಯೆಲ್ಲ ತಿರುಗಿ ನೋಡಿದರು. ಕಾರು ನಡೆಸುತ್ತಿದ್ದವನು ಅಳಿಯ. ಕೀಲಿಕೈಯನ್ನು ಅವನ ಕೈಗೆ ಯಾವಾಗ ಕೊಟ್ಟರೋ ನಾನು ಕಾಣೆ.

ರಾತ್ರಿ ಊಟವಾದ ಮೇಲೆ ಹುಡುಕಿಕೊಂಡು ಹೋದರೆ ಇಬ್ಬರೂ ಕಾರಿನ ಹಿಂದೆ ಕೂತಿದ್ದರು. ಅಳಿಯ ಟೇಪು ಹಿಡಿದು ಹಿಂದಿನ ಕಮಾನಿನ ಅಳತೆ ತೆಗೆಯುತ್ತಿದ್ದ. ಟೇಪಿನ ಇನ್ನೊಂದು ತುದಿ ಭಾವನವರ ಕೈಯಲ್ಲಿತ್ತು.

‘ಮೊದಲ ರಟ್ಟಿನಿಂದ ಮಾಡಿ ನೋಡು. ಕ್ಲಿಪ್ಪಿನ ಮ್ಯಾಲ ಕೂಡಬೇಕು, ತೂತು ಬ್ಯಾಡ’ ಎನ್ನುತ್ತಿದ್ದರು. ನನ್ನನ್ನು ಕಂಡು, ‘ಚಂದ ಕಾಣೂದಿಲ್ಲ, ನನಗ ಗೊತ್ತೈತಿ’ ಎಂದು ಸೇರಿಸಿದರು.